ಒಬ್ಬಟ್ಟಿಗೂ ಮೊದಲು ಬಂದ ಮಜ್ಜಿಗೆ

ನಮ್ಮ ಮಾವನ ಎಡ ಹುಬ್ಬು ಬಲ ಹುಬ್ಬಿನ ಸಂಬಂಧವೇ ಇಲ್ಲದಂತೆ ಒಂಟಿಯಾಗಿ ಮೇಲೇರುತ್ತಿತ್ತು. ಅದು ಏರಿತೆಂದರೆ ಮನೆಯವರಿಗೆಲ್ಲ ಒಂದೊಂದು ಕೆಲಸ ನೆನಪಾಗುತ್ತಿತ್ತು. ಹಾಲು ಉಕ್ಕುತ್ತಿದೆ ಎಂದು ಒಬ್ಬರು, ಬಟ್ಟೆ ಒಣಗಿದೆ ಎಂದು ಇನ್ನೊಬ್ಬರು ಎದ್ದುಬಿಡುತ್ತಿದ್ದರು. ಯಾಕೆಂದರೆ ಹುಬ್ಬಿನ ಹಿಂದೆಯೇ ಪಾಠ ಬರುತ್ತಿತ್ತು. ತುಮಕೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳಿ ಅವರು ನಿವೃತ್ತರಾಗಿದ್ದರು, ಪಾಠ ನಿವೃತ್ತವಾಗಿರಲಿಲ್ಲ.

ನಾನು ಅವರ ಕೈಗೆ ಸಿಕ್ಕಿದ್ದು ಅದೇ ಊರಿನ ಸದಾಶಿವನಗರದ ಅವರ ಮನೆಗೆ ಹೆಣ್ಣು ನೋಡಲು ಹೋದಾಗ. ನಮ್ಮದು ಕುಣಿಗಲ್ ಕಡೆ. ನನಗೆ ಗುಬ್ಬಿ ಪಕ್ಕದ ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಕೆಲಸ. ಹೆಣ್ಣಿನ ಅಪ್ಪ ಕೆಲಸದ ವಿಚಾರ ಕೇಳುತ್ತಾರೆ, ತೋಟದ ವಿಚಾರ ಕೇಳುತ್ತಾರೆ ಎಂದು ತಯಾರಾಗಿ ಹೋಗಿದ್ದೆ. ಅವರು ಹುಬ್ಬೇರಿಸಿ ಕೇಳಿದರು: “ಆರ್‌ಎನ್‌ಎ ಎಷ್ಟು ಥರ ಇದಾವೆ ಹೇಳಪ್ಪ?”

“ಸಾರ್, ನಂದು ಮೆಕ್ಯಾನಿಕಲ್ ಡಿಪ್ಲೊಮಾ.”

“ಒಳ್ಳೇದೇ ಆಯ್ತು! ಯಾರೂ ತಪ್ಪು ಹೇಳ್ಕೊಟ್ಟಿಲ್ಲ,” ಎಂದು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

“ರೀ, ಪಾಪ, ಹುಡುಗ ಉಪ್ಪಿಟ್ಟು ತಿನ್ಲಿ ಬಿಡ್ರೀ,” ಎಂದರು ಅತ್ತೆ. ಉಪ್ಪಿಟ್ಟು ತಣ್ಣಗಾಯಿತು.

“ನೋಡು, ಡಿಎನ್‌ಎ ಅಂದ್ರೆ ಒಳಮನೇಲಿ ಕೂತಿರೋ ಅಜ್ಜಿ. ಮದುವೆ ಅಡುಗೆಯೆಲ್ಲ ಗೊತ್ತು, ಹೊಸ್ತಿಲು ಮಾತ್ರ ದಾಟಲ್ಲ. ಅಜ್ಜಿ ಹೇಳಿದ್ದನ್ನ ಬರ್ಕೊಂಡು ಹೊರಗೆ ಬರೋ ಚೀಟಿನೇ ಮೆಸೆಂಜರ್ ಆರ್‌ಎನ್‌ಎ. ಚೀಟೀಲಿ ಇದ್ದಂಗೆ ಒಂದೊಂದೇ ಐಟಂ ಹೊತ್ಕೊಂಡು ಬರೋರು ಟ್ರಾನ್ಸ್‌ಫರ್ ಆರ್‌ಎನ್‌ಎ. ಪಲ್ಯದೋನು ಪಲ್ಯ ಬಿಟ್ಟು ಬೇರೆ ಮುಟ್ಟಂಗಿಲ್ಲ. ಬಂದಿದ್ದನ್ನೆಲ್ಲ ಸಾಲಾಗಿ ಜೋಡಿಸಿ ಪ್ರೋಟೀನ್ ಮಾಡೋದು ರೈಬೋಸೋಮಲ್ ಆರ್‌ಎನ್‌ಎ. ಜೀವಕೋಶದಲ್ಲಿ ಜಾಸ್ತಿ ಇರೋದೂ ಅದೇ, ಮೈಮುರಿದು ದುಡಿಯೋದೂ ಅದೇ. ಹೆಸರು ಮಾತ್ರ ಮೆಸೆಂಜರ್‌ಗೆ!” ಇದನ್ನು ಹೇಳುವಾಗ ಅವರಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

“ಇನ್ನೊಂದು ಪುಟಾಣಿ ಮೈಕ್ರೋ ಆರ್‌ಎನ್‌ಎ ಅಂತಿದೆ. ಹೊರಗೆ ಬಂದ ಚೀಟೀನ ಹಿಡ್ಕೊಂಡು ಬಾಯಿ ಮುಚ್ಚಿಸೋದೇ ಅದರ ಕೆಲಸ,” ಎನ್ನುತ್ತ ಅವರು ಹೆಂಡತಿಯ ಕಡೆ ನೋಡಿದರು. ಅತ್ತೆ “ರೀ!” ಎಂದರು. ಪಾಠ ನಿಂತಿತು. ಬಾಗಿಲ ಮರೆಯಲ್ಲಿ ಹುಡುಗಿ ಕಿಸಕ್ಕನೆ ನಕ್ಕಳು. ನಾನು ಒಪ್ಪಿದ್ದು ಆ ನಗುವಿಗೆ.

ಧಾರೆ ಮಾವನ ಹುಟ್ಟೂರು ಗುಬ್ಬಿಯ ಛತ್ರದಲ್ಲಿ. ಅಡುಗೆಗೆ ಭಟ್ಟರಿದ್ದರು, ಬಡಿಸುವುದಕ್ಕೆ ಮಾತ್ರ ಮಾವ ತಮ್ಮ ಹಳೆಯ ವಿದ್ಯಾರ್ಥಿಗಳನ್ನೇ ಕರೆಸಿದ್ದರು. ಬ್ಯಾಂಕಿನವರು, ಮೇಷ್ಟರುಗಳು, ಒಬ್ಬ ಡಾಕ್ಟರೂ ಕೂಡ ಪಂಚೆ ಎತ್ತಿ ಕಟ್ಟಿ ನಿಂತಿದ್ದರು. ಒಬ್ಬೊಬ್ಬರಿಗೆ ಒಂದೇ ಪದಾರ್ಥ. “ಉಪ್ಪು ಬಿದ್ರೆ ಸ್ಟಾರ್ಟ್, ಮಜ್ಜಿಗೆ ಬಿದ್ರೆ ಸ್ಟಾಪ್. ನೆನಪಿರ್ಲಿ!” ಎಂದು ಮಾವ ಓಡಾಡುತ್ತಿದ್ದರು. ಕಾಯೊಬ್ಬಟ್ಟು ಕಾವಲಿಯಿಂದ ಬಿಸಿಬಿಸಿಯಾಗಿ ಎಲೆಗೆ ಬೀಳಬೇಕೆಂದು ಅದನ್ನು ಸಾರನ್ನದ ನಂತರಕ್ಕೆ ಇಟ್ಟಿದ್ದರು.

ಮೊದಲ ಪಂಕ್ತಿ ನಮ್ಮವರದು. ತುದಿಯ ಎಲೆಗೆ ನಮ್ಮ ದೊಡ್ಡಪ್ಪ. ನಮ್ಮ ಮನೆಯಲ್ಲಿ ಅವರ ಮಾತಿಗೆ ಎದುರಾಡಿದವರಿಲ್ಲ. ನಮ್ಮಪ್ಪನೂ ಅವರ ಮುಂದೆ ಕೂತು ಮಾತಾಡಿದವರಲ್ಲ. ಎಲ್ಲ ಸಾಂಗವಾಗಿ ನಡೆದು ಸಾರನ್ನಕ್ಕೆ ಬಂದಾಗ ದೊಡ್ಡಪ್ಪನಿಗೆ ನೆತ್ತಿಗೆ ಹತ್ತಿತು. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಗಾಯಿತು. ಮಾವ ಗಾಬರಿಯಾಗಿ, ಕೈಗೆ ಸಿಕ್ಕಿದ ಮಜ್ಜಿಗೆ ಬಕೆಟ್ ಎತ್ತಿಕೊಂಡು ಓಡಿಬಂದು ಅವರ ಬೊಗಸೆಗೆ ಸುರಿದರು. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಪಕ್ಕದವರು ಕೈಯೊಡ್ಡಿದರು, ಅವರಿಗೂ ಹಾಕಿದರು. ಆಚೆಯವರು ಒಡ್ಡಿದರು, ಅವರಿಗೂ ಹಾಕಿದರು. ಸಾಲು ಮುಗಿಸಿ ತಿರುಗಿ ನೋಡಿದರೆ ದೊಡ್ಡಪ್ಪ ಮಜ್ಜಿಗೆ ಕುಡಿದು, ಎಲೆ ಮಡಿಸಿ ಎದ್ದಿದ್ದರು. ಹಿರಿಯರು ಎದ್ದ ಮೇಲೆ ಕೂತಿರುವುದುಂಟೆ? ಇಡೀ ಕುಣಿಗಲ್ ಎದ್ದಿತು. ಆಗ ಒಬ್ಬಟ್ಟಿನ ಬುಟ್ಟಿ ಹೊರಗೆ ಬಂತು.

ಕೈ ತೊಳೆಯುವ ನಲ್ಲಿಯ ಹತ್ತಿರ ದೊಡ್ಡಪ್ಪ ಗುಡುಗಿದರು: “ಏನ್ ಮೇಷ್ಟ್ರೇ, ನಮ್ಮೋರ ಎಲೇಗೆ ಒಬ್ಬಟ್ಟು ಬ್ಯಾಡ್ವಾ? ಗುಬ್ಬಿಯೋರ್ಗೆ ಮಾತ್ರವಾ? ನಡೀರ್ಲಾ, ಬಸ್ ಹತ್ರಿ. ಹೆಣ್ಣು ಇಲ್ಲೇ ಇರ್ಲಿ, ಆಮ್ಯಾಕೆ ನೋಡುಮ.”

ಕೊರಳಲ್ಲಿ ತಾಳಿಯ ಅರಿಶಿನ ಆರಿಲ್ಲ, ಮದುಮಗಳನ್ನು ತವರಲ್ಲೇ ಬಿಟ್ಟು ಹೋದರೆ ಜನ ಅವಳನ್ನು ಬದುಕಲು ಬಿಡುತ್ತಾರೆಯೇ? ಅವಳು ನನ್ನ ಮುಖ ನೋಡಿದಳು. ನಾನು ಬಾಯಿ ತೆರೆದೆ. “ದೊಡ್ಡಪ್ಪಾ” ಎಂಬುದಷ್ಟೇ ಹೊರಬಂತು, ಅದೂ ಅರ್ಧ.

ಮಾವನ ಎಡ ಹುಬ್ಬು ಏರಿತು.

“ಅಯ್ಯೋ ದೇವ್ರೇ, ಈಗ ಬೇಡ್ರೀ!” ಎಂದರು ಅತ್ತೆ. ಮುಗಿಯಿತು ನನ್ನ ಸಂಸಾರ ಎಂದುಕೊಂಡೆ.

“ಬೀಗ್ರೇ, ಒಂದ್ನಿಮಿಷ. ಪ್ರೋಟೀನ್ ಮಾಡೋವಾಗ ಕೋಶದಲ್ಲೂ ಹಿಂಗಾಗತ್ತೆ. ಚೀಟಿ ಬರೆಯೋವಾಗ ಕೈತಪ್ಪಿ, ಕೊನೇಲಿ ಬರಬೇಕಾದ ‘ಸಾಕು’ ಅನ್ನೋ ಗುರುತು ನಡುವೇನೇ ಬಂದ್ಬಿಡತ್ತೆ. ಅರ್ಧಕ್ಕೆ ನಿಂತ ಪ್ರೋಟೀನು ಕೆಲಸಕ್ಕೆ ಬರಲ್ಲ.”

ದೊಡ್ಡಪ್ಪ ಹೆಗಲ ಟವಲಿನಲ್ಲಿ ಕೈ ಒರೆಸಿಕೊಂಡರು. “ಆಗ ನಿಮ್ ಕೋಶ ಏನ್ ಮಾಡ್ತದೆ? ಬಸ್ ಹತ್ಕಂಡು ಹೋಯ್ತದಾ?”

“ಇಲ್ಲ ಬೀಗ್ರೇ. ಆ ಕೆಟ್ಟ ಚೀಟೀನ ಹರಿದು ಹಾಕತ್ತೆ. ಮೂಲ ಒಳಗೆ ಸರಿಯಾಗಿರತ್ತಲ್ಲ, ಅದರಿಂದ ಹೊಸ ಚೀಟಿ ಬರೆಸಿ ಮೊದಲಿಂದ ಶುರು ಮಾಡತ್ತೆ.” ಇಷ್ಟು ಹೇಳಿ ಅವರು ಕೈ ಮುಗಿದರು. “ತಪ್ಪು ನಂದು. ನಿಮಗೆ ನೆತ್ತಿಗೆ ಹತ್ತಿದ್ದು ನೋಡಿ ಜೀವ ತಡೀಲಿಲ್ಲ. ನನ್ನ ಮಗಳದ್ದು ಏನೂ ಇಲ್ಲ.”

ದೊಡ್ಡಪ್ಪ ಟವಲು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡರು. ಆಮೇಲೆ ಕೇಳಿದರು: “ಮೊದ್ಲಿಂದ ಅಂದ್ರೆ? ಉಪ್ಪಿಂದ್ಲಾ?”

“ಉಪ್ಪಿಂದ್ಲೇ.”

“ಹಾಕ್ಸಿ ಎಲೆ.”

ಆಹಾ, ಆ ಎರಡನೇ ಊಟ! ಕತ್ತಿನವರೆಗೆ ಉಂಡಿದ್ದ ನಮ್ಮವರೆಲ್ಲ ಮತ್ತೆ ಕೋಸಂಬರಿ, ಮತ್ತೆ ಪಲ್ಯ, ಮತ್ತೆ ಅನ್ನ ಸಾರು. “ಒಬ್ಬಟ್ಟೊಂದು ಹಾಕಿದ್ರೆ ಸಾಕಾಗಿತ್ತಲ್ಲಣ್ಣ,” ಎಂದು ಚಿಕ್ಕಪ್ಪ ನರಳಿದರು. “ಅರ್ಧಕ್ಕೆ ನಿಂತ್ರೆ ಕೆಲ್ಸಕ್ ಬರಕಿಲ್ಲ ಕಣ್ಲಾ. ತಿನ್ನು!” ಎಂದರು ದೊಡ್ಡಪ್ಪ. ಚಿಕ್ಕಪ್ಪನನ್ನು ಇಬ್ಬರು ಹಿಡಿದು ಎಬ್ಬಿಸಬೇಕಾಯಿತು. ಸಂಜೆ ದೊಡ್ಡಪ್ಪ ನನ್ನ ಹೆಂಡತಿಯನ್ನು “ಬಾರವ್ವ” ಎಂದು ತಾವೇ ಕರೆದು ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿದರು.

ಆಮೇಲೆ ಇಬ್ಬರು ಮುದುಕರ ಸ್ನೇಹ ಹೇಳತೀರದು. ತೆಂಗಿನ ನುಸಿಗೆ ಆರ್‌ಎನ್‌ಎ ಇದೆಯೇ ಎಂದು ಕೇಳಲು ದೊಡ್ಡಪ್ಪ ಕುಣಿಗಲ್‌ನಿಂದ ಫೋನ್ ಮಾಡುತ್ತಿದ್ದರು. ಇದೆ ಎನ್ನಲು ಮಾವ ಗಂಟೆಗಟ್ಟಲೆ ತೆಗೆದುಕೊಳ್ಳುತ್ತಿದ್ದರು.

ಹೋದ ವರ್ಷ ಮಾವ ನಿದ್ದೆಯಲ್ಲೇ ಹೋದರು. ದೊಡ್ಡಪ್ಪ ಬಂದು ಹೆಣದ ಕಾಲ ಬಳಿ ಕೂತರು. ಯಾರನ್ನೂ ನೋಡದೆ ಹೇಳಿದರು: “ಮೇಷ್ಟ್ರೇ, ಒಬ್ಬಟ್ಟು ಬೇಯೋ ವಾಸ್ನೆ ನನ್ ಮೂಗಿಗೆ ಬಂದಿತ್ತು. ಐತೆ ಅಂತ ಗೊತ್ತಿತ್ತು. ಗಂಡಿನ ಕಡೆಯೋನು ಅನ್ನೋ ಬಿಗುಮಾನಕ್ಕೆ ಎದ್ಬುಟ್ಟೆ. ತಪ್ಪು ನಂದು ಅಂತ ನೀವು ಕೈ ಮುಗಿದ್ರಿ, ನಾನು ಸುಮ್ನೆ ಕೈ ಮುಗಿಸ್ಕಂಡೆ.”

ಅತ್ತೆ ಅಳು ನಿಲ್ಲಿಸಿ ಅವರ ಕಡೆ ನೋಡಿದರು. “ಅವರಿಗೆ ಆವತ್ತೇ ಗೊತ್ತಾಗಿತ್ತು ಕಣಣ್ಣ. ಹೇಳ್ಬಿಡಾನ ಅಂದೆ. ‘ಬೇಡ, ಮಗಳು ಅವರ ಮನೇಲಿ ಬಾಳಬೇಕು, ದೊಡ್ಡೋರಿಗೆ ಮತ್ತೆ ಕೂತ್ಕೊಳಕ್ಕೆ ಒಂದು ದಾರಿ ಮಾಡ್ಕೊಟ್ಟೆ ಅಷ್ಟೆ’ ಅಂದ್ರು.”

ದೊಡ್ಡಪ್ಪ ಟವಲಿನಿಂದ ಮುಖ ಮುಚ್ಚಿಕೊಂಡು ಚಿಕ್ಕ ಮಗುವಿನಂತೆ ಬಿಕ್ಕಿದರು. ನನ್ನ ಹೆಂಡತಿ ಎದ್ದು ಹೋಗಿ ಅವರ ಬೆನ್ನು ಸವರುತ್ತ ಕೂತಳು.