ಕೈಗೆ ಸುತ್ತಿದ ಬಿಲ್ಲೆ

ಕಿತ್ತೂರಿನ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ನಾನೊಂದು ಸ್ಟೀಲ್ ತಾಟು ಇಟ್ಟುಕೊಂಡಿದ್ದೇನೆ. ತಾಳಿ, ಸರ, ತಾಯತ, ಯಾರ ಕೊರಳಲ್ಲಿ ಏನಿದ್ದರೂ ಅವರೇ ತೆಗೆದು ಅದರಲ್ಲಿ ಹಾಕಬೇಕು. ಬಿದ್ದ ಸದ್ದು ನನಗೆ ಕೇಳಬೇಕು. ಆಮೇಲೆ ಹತ್ತಿರ ಹೋಗಿ ಬರಿಗೊರಳನ್ನು ನೋಡುತ್ತೇನೆ. ಅಲ್ಲಿಯವರೆಗೆ ಗುಂಡಿ ಒತ್ತುವುದಿಲ್ಲ. ‘ಈಕೀದೊಂದು ಕಿರಿಕಿರಿ’ ಎಂದು ಹೊರಗೆ ಬೆಂಚಿನ ಮೇಲೆ ಕುಳಿತವರು ಅನ್ನುವುದು ಕೇಳಿಸುತ್ತದೆ. ಅನ್ನಲಿ.

ರಾಮದುರ್ಗದಲ್ಲಿ ಬಿ.ಎಸ್ಸಿ. ಮುಗಿಸಿ ನಾನು ಬೈಲಹೊಂಗಲದ ಕಾಲೇಜೊಂದರಲ್ಲಿ ಎಕ್ಸ್‌ರೇ ಡಿಪ್ಲೊಮಾಕ್ಕೆ ಸೇರಿದೆ. ಬೆಳಿಗ್ಗೆ ಪಾಠ. ಮಧ್ಯಾಹ್ನ ಪ್ರಾಕ್ಟಿಕಲ್‌ಗೆ ಪೇಟೆಯೊಳಗಿನ ಒಂದು ಸಣ್ಣ ಖಾಸಗಿ ಆಸ್ಪತ್ರೆ. ಅಲ್ಲಿ ನನಗೆ ಕೆಲಸ ಕಲಿಸಿದವರು ವಯಸ್ಸಾದ ಒಬ್ಬ ಟೆಕ್ನಿಷಿಯನ್. ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಲೋಹದ ವಸ್ತುಗಳನ್ನು ತೆಗೆಸಬೇಕು ಎಂದು ಪುಸ್ತಕದಲ್ಲಿ ಒಂದೇ ಸಾಲು ಇತ್ತು. ನಮ್ಮ ಕಡೆ ಆ ಒಂದು ಸಾಲಿಗೇ ಅರ್ಧ ದಿನ ಹೋಗುತ್ತದೆ. ಹೆಂಗಸರು ತಾಳಿ ತೆಗೆಯುವುದಿಲ್ಲ. ಮುದುಕರು ಲಿಂಗದ ಕರಡಿಗೆಯನ್ನು ಮೈಯಿಂದ ದೂರ ಇಡುವುದಿಲ್ಲ. ಸವದತ್ತಿ ಗುಡ್ಡದಲ್ಲಿ ಎಲ್ಲಮ್ಮನ ಹೆಸರಿನಲ್ಲಿ ಮಗುವಿನ ಕೊರಳಿಗೆ ಕಟ್ಟಿದ ಬೆಳ್ಳಿಯ ದುಂಡು ಬಿಲ್ಲೆಯನ್ನಂತೂ ಯಾರೂ ಬಿಚ್ಚುವುದಿಲ್ಲ. ಚಾಚಾ ಇವುಗಳಲ್ಲಿ ಯಾವುದನ್ನೂ ಮುಟ್ಟುತ್ತಿರಲಿಲ್ಲ. ‘ದೇವರು ನಿಮ್ದು, ಕೊರಳು ನಿಮ್ದು, ಫಿಲ್ಮ್ ಅಷ್ಟ ನಂದು. ಕೈಗೆ ಸುತ್ಕೊಳ್ರಿ, ಮೈಮ್ಯಾಲನ ಇರತೈತಿ’ ಎಂದು ನಗುತ್ತಿದ್ದರು. ಜನರೂ ನಗುತ್ತ ಸುತ್ತಿಕೊಳ್ಳುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ‘ಅವರು ಹೂಂ ಅಂದ್ರೂ ನಂಬಬ್ಯಾಡ, ಊಹೂಂ ಅಂದ್ರೂ ನಂಬಬ್ಯಾಡ. ನಿನ್ನ ಕಣ್ಣಿಲೆ ನೋಡು’ ಅನ್ನುತ್ತಿದ್ದರು.

ಅವತ್ತು ಶುಕ್ರವಾರ. ಚಾಚಾ ನಮಾಜಿಗೆ ಹೋಗಿದ್ದರು. ಹೂಲಿಯ ಒಬ್ಬ ಅಜ್ಜಿ ಎರಡೂವರೆ ವರ್ಷದ ಮೊಮ್ಮಗಳನ್ನು ಎತ್ತಿಕೊಂಡು ಬಂದಳು. ಬೈಲಹೊಂಗಲಕ್ಕೆ ನೆಂಟರ ಮದುವೆಗೆ ಬಂದವರು. ಮಗುವಿಗೆ ಎರಡು ದಿನದಿಂದ ಕೆಮ್ಮು, ಬಾಯಲ್ಲಿ ಜೊಲ್ಲು, ಊಟ ಬೇಡ. ನ್ಯುಮೋನಿಯಾ ಇರಬಹುದೆಂದು ಡಾಕ್ಟರು ಎದೆಯ ಎಕ್ಸ್‌ರೇ ಬರೆದಿದ್ದರು. ಬಿಲ್ಲೆಯ ಕಪ್ಪು ದಾರ ಮಗುವಿನ ಕೊರಳಲ್ಲಿ ಕಾಣುತ್ತಿತ್ತು.

‘ಅಮ್ಮಾ, ಆ ಬಿಲ್ಲಿ ಕೈಗೆ ಸುತ್ರಿ’ ಅಂದೆ.

‘ದೇವೀದೈತಿ ಯವ್ವಾ. ಬಿಚ್ಚಂಗಿಲ್ಲ.’

ಇಷ್ಟೇ ಮಾತು. ನಾನು ಹೆಸರು ಬರೆದುಕೊಳ್ಳಲು ತಿರುಗಿದೆ. ಅಜ್ಜಿ ಒಲ್ಲೆ ಅಂದಳು ಎಂದುಕೊಂಡೆ. ನೋಡಬೇಕಾದದ್ದು ಪುಪ್ಪುಸ, ಬಿಲ್ಲೆ ಮೇಲೆ ಕೊರಳ ಹತ್ತಿರ ಇರುತ್ತದೆ, ಇದ್ದರೆ ಇರಲಿ ಎಂದುಕೊಂಡೆ. ಅಜ್ಜಿ ಮಗುವಿನ ಮೇಲೆ ಶಾಲು ಹೊದಿಸಿ ಹಿಡಿದುಕೊಂಡಳು. ನಾನು ಗಾಜಿನ ಹಿಂದಿನಿಂದ ಗುಂಡಿ ಒತ್ತಿದೆ. ಚಿತ್ರ ಬಂತು. ಪುಪ್ಪುಸ ಚೊಕ್ಕ ಇತ್ತು. ಮೇಲೆ, ಕೊರಳು ಎದೆಗೆ ಕೂಡುವಲ್ಲಿ, ಬೆಳ್ಳಗೆ ದುಂಡಗೆ ಒಂದು ನೆರಳು.

ಚಾಚಾ ಬಂದವರೇ ಪರದೆ ನೋಡಿದರು.

‘ಇದೇನು ದುಂಡಗ?’

‘ಎಲ್ಲಮ್ಮನ ಬಿಲ್ಲಿ ಚಾಚಾ. ಮುದುಕಿ ತಗೀಲಿಲ್ಲ.’

‘ಕೊರಳು ನೋಡಿದಿ?’

‘ನೋಡೀನಿ.’

ನಾನು ನೋಡಿರಲಿಲ್ಲ. ಅವರು ಚೀಟಿಯ ಮೇಲೆ ‘ಕೊರಳಲ್ಲಿ ಆಭರಣ’ ಎಂದು ಬರೆದರು. ಡಾಕ್ಟರು ಅದನ್ನು ಓದಿ, ಕೆಮ್ಮಿನ ಔಷಧ ಕೊಟ್ಟು ಕಳಿಸಿದರು.

ಮರುದಿನ ರಜೆ ಇತ್ತು. ಅವತ್ತೇ ಸಂಜೆ ನಾನು ಊರಿಗೆಂದು ಸವದತ್ತಿ ಮೇಲೆ ಹೋಗುವ ರಾಮದುರ್ಗದ ಬಸ್ ಹತ್ತಿದೆ. ಮುಂದಿನ ಸೀಟಿನಲ್ಲಿ ಅದೇ ಅಜ್ಜಿ, ತೊಡೆಯ ಮೇಲೆ ಅದೇ ಮಗು. ಮಗು ಕಿಟಕಿಯ ಸರಳಿಗೆ ಕೈ ಬಡಿಯುತ್ತಿತ್ತು. ಟಣ್, ಟಣ್ ಎಂದು ಸದ್ದು. ಬಿಲ್ಲೆ ಅದರ ಮಣಿಕಟ್ಟಿನಲ್ಲಿತ್ತು.

‘ಅಮ್ಮಾ, ಬಿಲ್ಲಿ ಕೈಗೆ ಯಾವಾಗ ಕಟ್ಟಿದ್ರಿ?’

‘ನೀನ ಹೇಳಿದೆಲ್ಲ ಬೇ. ನೀ ಬರಿಯಾಕ ಹತ್ತಿದ್ದಿ, ನಾ ತಲಿ ಮ್ಯಾಲಿಂದ ತಗದು ಕೈಗೆ ಸುತ್ತಿದೆ. ಶಾಲಿನ ಒಳಗ ಇತ್ತು. ಬಿಚ್ಚಿಲ್ಲ ಮತ್ತ, ಗಂಟು ಹಂಗ ಐತಿ ನೋಡು.’

‘ಫೋಟೋ ಹೊಡಿಯೂ ಮೊದಲ?’

‘ಮೊದಲ.’

ನಾನು ಹಿಂದಕ್ಕೆ ಒರಗಿ ಕುಳಿತೆ. ಈ ಭಾಗವೇ ಈಗಲೂ ತಲೆಯಲ್ಲಿ ತಿರುಗುತ್ತದೆ. ಹೆದರಿಕೆ ಆಯಿತು ಎಂದು ಹೇಳಬಹುದಿತ್ತು, ಆದರೆ ಹೆದರಿಕೆಯೂ ಆಗಲಿಲ್ಲ. ಕೈಕಾಲು ನನ್ನವಲ್ಲ ಎನ್ನುವ ಹಾಗೆ ಇತ್ತು. ಬಿಲ್ಲೆ ಕೈಯಲ್ಲಿದ್ದರೆ ಚಿತ್ರದಲ್ಲಿ ಇರುವುದು ಬೇರೆ ಏನೋ. ಅದು ಗೊತ್ತಿತ್ತು. ಹೇಳಿದರೆ, ನೋಡೀನಿ ಅಂದ ನನ್ನ ಮಾತು ಸುಳ್ಳು ಎಂದು ಚಾಚಾಗೆ ಗೊತ್ತಾಗುತ್ತದೆ, ಕಾಲೇಜಿಗೂ ಗೊತ್ತಾಗುತ್ತದೆ. ಅದೂ ಗೊತ್ತಿತ್ತು. ಒಂದು ಸ್ಟಾಪ್ ಹೋಯಿತು. ಜನ ಇಳಿದರು, ಹತ್ತಿದರು. ಇನ್ನೊಂದು ಹೋಯಿತು. ಮಗುವಿನ ಜೊಲ್ಲು ಅಜ್ಜಿಯ ಸೆರಗಿನ ಮೇಲೆ ಇಳಿಯುತ್ತಿತ್ತು. ಅವಳು ಒರೆಸುತ್ತಿದ್ದಳು. ಮೂರನೆಯದು ದಾಟಿದ ಮೇಲೆ ನನ್ನ ಕೈ ಫೋನ್ ತೆಗೆಯಿತು.

‘ಚಾಚಾ, ಬಿಲ್ಲಿ ಕೈಯಾಗಿತ್ತು. ನಾ ಕೊರಳು ನೋಡಿರಲಿಲ್ಲ.’

ಅತ್ತ ಕಡೆ ಕುರ್ಚಿ ಎಳೆದ ಸದ್ದು ಕೇಳಿಸಿತು.

‘ದೊಡ್ಡದು ಮಾಡಿ ನೋಡಾಕ ಹತ್ತೀನಿ. ಅಂಚಿಗೆ ಎರಡು ಸುತ್ತು ಗೆರಿ ಅದಾವ. ನಾಣ್ಯಕ್ಕ ಒಂದ ಇರತದ. ಇದು ಸೆಲ್ಲು. ಗಡಿಯಾರದಾಗ ಹಾಕ್ತಾರಲ್ಲ, ಅಂಥಾ ಗುಂಡಿ ಸೆಲ್ಲು. ಅನ್ನದ ನಾಳಾ ಸುಡತದ ಅದು. ಸವದತ್ತಿಯೊಳಗ ಇಳಸು. ಸರಕಾರಿ ದವಾಖಾನಿಗೆ ಹೋಗ್ರಿ, ನಾ ಡಾಕ್ಟರ್‌ಗ ಹೇಳಿ ಅಲ್ಲಿಗೆ ಫೋನ್ ಮಾಡಸ್ತೀನಿ.’

ಸವದತ್ತಿಯಿಂದ ಆಂಬುಲೆನ್ಸ್‌ನಲ್ಲಿ ಹುಬ್ಬಳ್ಳಿಗೆ ಹೋದೆವು. ನಾನೂ ಕುಳಿತೆ. ಗುಡ್ಡದ ಅಂಗಡಿಯಲ್ಲಿ ಕೊಡಿಸಿದ, ಸೆಲ್ಲಿನಿಂದ ಹತ್ತುವ ದೀಪದ ಆಟದ ಉಂಗುರವೊಂದು ಮಗುವಿನ ಹತ್ತಿರ ಇತ್ತಂತೆ. ‘ಹತ್ತಲಿಲ್ಲ. ಕೆಟ್ಟೈತಿ ಅಂದ್ಕೊಂಡೆ’ ಎಂದು ಅಜ್ಜಿ ದಾರಿಯುದ್ದಕ್ಕೂ ಅದೊಂದನ್ನೇ ಹೇಳಿದಳು. ಹುಬ್ಬಳ್ಳಿಯಲ್ಲಿ ಬಾಯಿಯಿಂದ ನಳಿಗೆ ಇಳಿಸಿ ಸೆಲ್ ತೆಗೆದರು. ಮಗು ಉಳಿಯಿತು. ಸುಟ್ಟಲ್ಲಿ ಅನ್ನನಾಳ ಕಿರಿದಾಯಿತು. ಅದನ್ನು ಹಿಗ್ಗಿಸಲು ಮತ್ತೆ ಮತ್ತೆ ಕರೆದೊಯ್ಯಬೇಕು ಎಂದರು.

ಚಾಚಾ ನನ್ನನ್ನು ಬಯ್ಯಲಿಲ್ಲ, ಕಾಲೇಜಿಗೂ ಹೇಳಲಿಲ್ಲ. ಮುಂದಿನ ಶುಕ್ರವಾರ ನಮಾಜಿಗೆ ಹೋಗುವಾಗ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಹೋದರು. ಪರೀಕ್ಷೆ ಮುಗಿಯುವವರೆಗೂ ಹಾಗೇ ಮಾಡಿದರು. ನಾನು ಹೊರಗೆ ಬೆಂಚಿನ ಮೇಲೆ ರೋಗಿಗಳ ಜೊತೆ ಕಾಯುತ್ತಿದ್ದೆ.

ಪಾಸಾಗಿ ಕಿತ್ತೂರಿಗೆ ಬಂದೆ. ಹೋದ ತಿಂಗಳು ಆ ಅಜ್ಜಿ ಹತ್ತಿರದ ದೇಗಾಂವಿಯ ಬೀಗರ ಮನೆಗೆ ಬಂದವಳು ನನ್ನನ್ನು ಕೇಳಿಕೊಂಡು ಆಸ್ಪತ್ರೆಗೆ ಬಂದಳು. ಮಗು ಎತ್ತರ ಆಗಿದೆ, ತೆಳ್ಳಗಿದೆ. ಬಿಲ್ಲೆ ಕೊರಳಲ್ಲಿತ್ತು. ಅಜ್ಜಿ ಬೆಂಚಿನ ಮೇಲಿದ್ದವರಿಗೆಲ್ಲ, ‘ಈಕಿನ ನೋಡ್ರಿ, ನಮ್ಮ ಹುಡಿಗಿ ಜೀವಾ ಉಳಿಸಿದಾಕಿ’ ಎಂದಳು. ಅವತ್ತು ನನ್ನನ್ನು ಕಿರಿಕಿರಿ ಅಂದಿದ್ದ ಒಬ್ಬ ಹೆಂಗಸು ನನ್ನನ್ನು ಹೊಸದಾಗಿ ನೋಡಿದಳು.

ಚಹಾ ತರಿಸಿ ಅವರನ್ನು ಒಳಗೆ ಕೂಡಿಸಿದೆ. ಅಜ್ಜಿ ಬಿಸ್ಕತ್ತು ಮುರಿದು ಚಹಾದಲ್ಲಿ ನೆನೆಸುತ್ತಿದ್ದಳು. ಆಗ ಹೇಳಿದೆ.

‘ಅಮ್ಮಾ, ಬಸ್ಸಿನಾಗ ನೀವು ಹೇಳಿದ ಕೂಡ್ಲೆ ನನಗ ಗೊತ್ತಾಗಿತ್ತು. ಮೂರು ಸ್ಟಾಪ್ ಸುಮ್ನ ಕುಂತಿದ್ದೆ. ಅದಕ್ಕೂ ಮೊದಲ, ಕೊರಳು ನೋಡದನ ನೋಡೀನಿ ಅಂತ ಸುಳ್ಳ ಹೇಳಿದ್ದೆ.’

ಅವಳ ಕೈ ನಿಂತಿತು.

‘ಮೂರು ಸ್ಟಾಪ್ ಅಂದ್ರ ಎಷ್ಟೊತ್ತು?’

‘ಇಪ್ಪತ್ತು ನಿಮಿಷ ಇರಬೇಕು. ಅದಕ್ಕೂ ಮೊದಲಿಂದು ಅರ್ಧ ದಿನ.’

‘ಅಷ್ಟರಾಗ ಎಷ್ಟು ಸುಟ್ಟಿತು ಅಂತ ಡಾಕ್ಟರ್‌ಗ ಕೇಳಿದಿ?’

‘ಕೇಳೀನಿ. ಹೇಳಾಕ ಬರೂದಿಲ್ಲ ಅಂದ್ರು.’

ಅಜ್ಜಿ ಬಿಸ್ಕತ್ತಿನ ತುಣುಕನ್ನು ಇನ್ನೂ ಸಣ್ಣದಾಗಿ ಮುರಿದು ಮಗುವಿನ ಬಾಯಿಗೆ ಇಟ್ಟಳು. ಮಗು ಬಹಳ ಹೊತ್ತು ಅಗಿಯಿತು. ತುಣುಕು ಇಳಿಯುವವರೆಗೆ ನಾವಿಬ್ಬರೂ ಮಗುವಿನ ಕೊರಳನ್ನೇ ನೋಡುತ್ತ ಕುಳಿತಿದ್ದೆವು.