ಹೊತ್ತಿಗಿಂತ ಮುಂದೆ ಓಡಿದ ವಾಚು

ಇವತ್ತು ಅಂಗಡಿಯ ಡ್ರಾಯರ್ ಎಳೆದಾಗ ಒಳಗಿನಿಂದ ಗುಂಯ್ ಎಂಬ ಸದ್ದು ಬಂತು. ದುಂಬಿಯಲ್ಲ, ರಿಪೇರಿಯಾಗಿ ಗಿರಾಕಿಗೆ ಕಾಯುತ್ತಿರುವ ಹಳೆಯ ಎಲೆಕ್ಟ್ರಾನಿಕ್ ವಾಚು. ಟಿಕ್ ಟಿಕ್ ಎನ್ನದೆ ಗುಂಯ್‌ಗುಡುವ ಈ ಜಾತಿಯ ವಾಚುಗಳು ಒಂದು ಕಾಲದಲ್ಲಿ ಗಲ್ಫಿನಿಂದ ಅತ್ತರು, ಟೇಪ್‌ರೆಕಾರ್ಡರುಗಳ ಜೊತೆ ನಮ್ಮೂರಿಗೆ ಬಂದವು. ಅಲ್ಲೇ ಕಲಿತ ಕಸುಬು ಕಟ್ಟಿಕೊಂಡು ನಾನೂ ಬಂದೆ. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಇವನ್ನು ಬಿಚ್ಚಿ ಮತ್ತೆ ಸರಿಯಾಗಿ ಮುಚ್ಚಬಲ್ಲವನು ಮೂಡುಬಿದಿರೆಯ ಈ ಸಾಯ್ಬ ಒಬ್ಬನೇ. ಜಂಬ ಅನ್ನಿ, ಬೇಸರವಿಲ್ಲ. ಬರೀ ಬಿಚ್ಚುವವರು ಬೇಕಾದಷ್ಟು ಜನ ಇದ್ದಾರೆ.

ಆ ಸದ್ದು ಕೇಳಿದಾಗೆಲ್ಲ ಪುತ್ತಿಗೆಯ ಪದ್ಮಾವತಿ ಅಮ್ಮ ನೆನಪಾಗುತ್ತಾರೆ. ಜೈನರು, ಸೂರ್ಯ ಮುಳುಗಿದ ಮೇಲೆ ತುತ್ತು ಮುಟ್ಟದವರು. ಕೆಲವು ವರ್ಷಗಳ ಹಿಂದೆ, ಆಟಿ ತಿಂಗಳ ಮಳೆಯಲ್ಲಿ, ಒಂದು ಬೆಳಿಗ್ಗೆ ಮಗ ಅವರನ್ನು ಕರೆತಂದ. ಅಮ್ಮನಿಗೆ ಮರೆವು ಶುರುವಾಗಿದೆ, ನಾಲ್ಕೂವರೆಗೇ ಹೊತ್ತು ಮುಳುಗುತ್ತದೆಂದು ಊಟ ಮುಗಿಸಿ ರಾತ್ರಿಯಿಡೀ ಹಸಿದಿರುತ್ತಾರೆ, ಮೊಬೈಲಿನಲ್ಲಿ ಗಂಟೆ ತೋರಿಸಿದರೆ ಜಗಳಕ್ಕೆ ಬರುತ್ತಾರೆ, ಬಸದಿಗೆ ಒಬ್ಬರನ್ನೇ ಕಳಿಸುವುದನ್ನೂ ನಿಲ್ಲಿಸಿದ್ದೇವೆ ಎಂದು ಅವರೆದುರೇ ಹೇಳಿದ. ದೊಡ್ಡ ಅಂಕಿಯ ಹೊಸ ವಾಚು ಬೇಕಂತೆ. ಹಳೆಯದು ಕೆಟ್ಟಿದೆಯೇ ಎಂದು ಕೇಳಿದೆ. ಬೆಳಿಗ್ಗೆಯಷ್ಟೇ ನೋಡಿದ್ದೇನೆ, ಸರಿಯಾಗಿಯೇ ಇದೆ ಎಂದ. ಅಮ್ಮ ತಮ್ಮ ಕೈಯ ಗುಂಯ್‌ಗುಡುವ ವಾಚಿನ ಮೇಲೆ ಇನ್ನೊಂದು ಕೈ ಮುಚ್ಚಿಕೊಂಡು ಕೂತಿದ್ದರು. ನನಗೆ ಸಂಕಟವಾಯಿತು. ಬುದ್ಧಿ ಕೆಟ್ಟಿತೆಂದು ಮನೆಯವರೇ ತೀರ್ಮಾನಿಸಿದ ಮೇಲೆ ಮನುಷ್ಯ ಯಾರ ಹತ್ತಿರ ವಾದಿಸಬೇಕು, ನೀವೇ ಹೇಳಿ.

"ದಿನಾ ಬೆಳಿಗ್ಗೆ ರೇಡಿಯೋ ವಾರ್ತೆಗೆ ನಾನೇ ಸರಿ ಮಾಡಿ ಇಡ್ತೇನೆ" ಎಂದರು ಅಮ್ಮ, ಮೆಲ್ಲಗೆ.

ನನಗೆ ಅಷ್ಟು ಸಾಕಾಯಿತು. ದಿನಾ ಸರಿ ಮಾಡಬೇಕಾದ ವಾಚು ಸರಿಯಿರುವುದು ಹೇಗೆ? ಸಂಜೆಯ ತನಕ ವಾಚು ಇಲ್ಲಿರಲಿ ಎಂದೆ. ಈ ವಾಚಿನ ಹೊಟ್ಟೆಯಲ್ಲಿ ಪುಟ್ಟ ಕವಲುಕಡ್ಡಿಯೊಂದು ನಡುಗುತ್ತಿರುತ್ತದೆ. ಒಂದು ನಡುಕಕ್ಕೆ ಚಕ್ರದ ಒಂದು ಹಲ್ಲು ದಾಟಬೇಕು, ಅದು ಲೆಕ್ಕ. ಇದಕ್ಕೆ ಹೊಂದುವ ಹಳೆಯ ಕಾಲದ ಬ್ಯಾಟರಿ ಈಗ ಸಿಗುವುದಿಲ್ಲ. ಯಾರೋ ಹೊಸ ನಮೂನೆಯದನ್ನು ತುರುಕಿದ್ದರು, ಅದರ ಬಲ ತುಸು ಹೆಚ್ಚು. ಹುಮ್ಮಸ್ಸಿಗೆ ಬಂದ ಕಡ್ಡಿ ಆಗಾಗ ಎರಡು ಹಲ್ಲು ದಾಟಿಸುತ್ತಿತ್ತು. ಬೆಳಿಗ್ಗೆ ಸರಿಯಿದ್ದದ್ದು ಸಂಜೆಗೆ ಒಂದೂವರೆ ಗಂಟೆ ಮುಂದೆ. ಸೂರ್ಯನನ್ನೇ ಕೇಳೋಣವೆಂದರೆ ಆಟಿಯ ಮೋಡದಲ್ಲಿ ಅವನೆಲ್ಲಿ ಸಿಗುತ್ತಾನೆ?

ಸಂಜೆ ಇಬ್ಬರೂ ಬಂದಾಗ ನಾನು ಇನ್ನೂ ರಿಪೇರಿ ಮಾಡಿರಲಿಲ್ಲ, ಬೇಕೆಂದೇ. ಗೋಡೆಯ ಗಡಿಯಾರಗಳೆಲ್ಲ ಒಂದು ಹೇಳುತ್ತಿದ್ದವು, ಅಮ್ಮನ ವಾಚು ಇನ್ನೊಂದು. ಮಗ ಅತ್ತ ನೋಡಿದ, ಇತ್ತ ನೋಡಿದ, ಕೊನೆಗೆ ನೆಲ ನೋಡಿದ.

"ಸಾಯ್ಬರೆ, ತಪ್ಪು ವಾಚಿನದ್ದು ಅಂತ ಸ್ವಲ್ಪ ಜೋರಾಗಿ ಹೇಳಿ" ಎಂದರು ಅಮ್ಮ. "ಹೊರಗೆ ರಿಕ್ಷಾದವನಿಗೂ ಕೇಳಲಿ."

ಹೇಳಿದೆ, ಗಂಟಲು ಬಿಟ್ಟು. ಮರುದಿನ ಬ್ಯಾಟರಿಯ ಬಲ ತಗ್ಗಿಸುವ ಸಣ್ಣ ಡಯೋಡ್ ಕೂರಿಸಿದೆ. ವಾಚು ಒಯ್ಯಲು ಅವರು ಬಸ್ಸಿನಲ್ಲಿ ಒಬ್ಬರೇ ಬಂದರು. ನನ್ನ ಕಸುಬಿನ ಬಗ್ಗೆ ಅಷ್ಟು ಸಂತೋಷ ನನಗೆ ಮತ್ತೆಂದೂ ಆಗಿಲ್ಲ.

ನಾನು ಮಾತ್ರ ಎಂದೂ ವಾಚು ಕಟ್ಟಿದವನಲ್ಲ. ಅಂಗಡಿಯ ಗೋಡೆ ತುಂಬ ಗಡಿಯಾರ ತೂಗಾಡುವಾಗ ಕೈಗೂ ಒಂದು ಯಾಕೆ? ಆದರೆ ಮೊನ್ನೆ ನನ್ನ ಮಗ ಗಿರಾಕಿಯೊಬ್ಬರ ಹತ್ತಿರ, ಅಪ್ಪನಾದ ನನ್ನನ್ನೇ ತೋರಿಸಿ, "ಉಪ್ಪನಿಗೆ ಈಗೀಗ ಸ್ವಲ್ಪ ಮರೆವು ಉಂಟು ಮಾರಾಯ್ರೆ, ಬೇಸರ ಮಾಡ್ಬೇಡಿ" ಎಂದ. ತಪ್ಪು ಹೊರಲು ನನಗೂ ಒಂದು ವಾಚು ಬೇಕಲ್ಲ. ಇವತ್ತು ನನ್ನದೇ ಒಂದು ಗುಂಯ್‌ಗುಡುವ ವಾಚನ್ನು ಹುಡುಕಿ ಕಟ್ಟಿಕೊಂಡಿದ್ದೇನೆ. ಬ್ಯಾಟರಿ ಹೊಸ ನಮೂನೆಯದೇ. ಡಯೋಡ್ ಹಾಕಿಲ್ಲ.