ಗುಮ್ಮನ ಮೂರು ಪೆಟ್ಟಿಗೆ

ನನ್ನ ಸೋದರಮಾವ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಮೂವತ್ತೊಂದು ವರ್ಷ ಮೇಲ್ವಿಚಾರಕರಾಗಿದ್ದರು. ಹುಡುಗರು ಅವರಿಗಿಟ್ಟ ಹೆಸರು ಗುಮ್ಮ. ಸಂಬಳ ಕೊಡುವುದು ಮುಖ ಗಂಟಿಕ್ಕಿಕೊಳ್ಳಲಿಕ್ಕೇ ಎಂದು ಮಾವ ಪ್ರಾಮಾಣಿಕವಾಗಿ ನಂಬಿದ್ದರು.

ನಾನು ಅದೇ ವಿಶ್ವವಿದ್ಯಾಲಯದ ದಾಖಲೆ ಕೋಣೆಯಲ್ಲಿದ್ದೇನೆ. ವಿದ್ಯಾರ್ಥಿ ಜೀವನದ ಚರಿತ್ರೆಯನ್ನು ಕೂಡಿಡಿ ಎಂದು ಮೇಲಿನಿಂದ ಅಪ್ಪಣೆಯಾಯಿತು. ಕಪಾಟು ತೆರೆದರೆ ಬರೀ ಕುಲಪತಿಗಳು ರಿಬ್ಬನ್ ಕತ್ತರಿಸುವ ಫೋಟೊಗಳು. ಇಲ್ಲಿ ಕತ್ತರಿ ಬಿಟ್ಟು ಯಾರೂ ಓದಿಯೇ ಇಲ್ಲವೇನೋ ಅನ್ನಿಸಬೇಕು! ಕಡೆಗೆ ಮಾವನ ಮನೆಗೆ ಹೋದೆ.

ಹುಡುಗರಿಂದ ಜಪ್ತಿ ಮಾಡಿದ ಯಾವ ವಸ್ತುವನ್ನೂ ಮಾವ ಎಸೆದವರಲ್ಲ. ಓದು ಮುಗಿದ ಮೇಲೆ ಕೇಳಿದರೆ ಹಿಂದಿರುಗಿಸಬೇಕೆಂಬ ನಿಯಮವಿತ್ತು. ಗುಮ್ಮನನ್ನು ಕೇಳುವ ಗಂಡೆದೆ ಯಾರಿಗಿತ್ತು? ಹಾಗಾಗಿ ಮಂಚದ ಕೆಳಗೆ ಮೂರು ಪೆಟ್ಟಿಗೆ ತುಂಬಿತ್ತು: ಇಸ್ಪೀಟು, ಕರೆಂಟ್ ಒಲೆ, ಗೋಡೆ ಪತ್ರಿಕೆ, ಒಂದು ಹಗ್ಗದ ಏಣಿ. ಪ್ರತಿಯೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ, ಅದರಲ್ಲಿ ತಾರೀಖು, ಕೊಠಡಿ, ತಪ್ಪು. ಕೊಳಲಿನ ಚೀಟಿಯಲ್ಲಿ 'ತಪ್ಪು: ಅಪಸ್ವರ' ಎಂದಿತ್ತು.

"ಈ ಕಸದ ಮೇಲೇ ನನ್ನ ಆಯಸ್ಸು ಕಳೀತು. ತಗೊಂಡು ಹೋಗು ತಾಯಿ," ಎಂದರು ಅತ್ತೆ.

ಚೀಟಿಗಳನ್ನು ವರ್ಷವಾರು ಜೋಡಿಸಿದೆ. ಮಾವನ ಇಪ್ಪತ್ತನೇ ವರ್ಷದ್ದು ಒಂದೂ ಇಲ್ಲ.

"ಆ ವರ್ಷ ಯಾರೂ ತಪ್ಪೇ ಮಾಡಲಿಲ್ವಾ ಮಾವ?"

"ನಂಗೆ ಹುಷಾರಿರಲಿಲ್ಲ."

"ಗುಂಡುಕಲ್ಲಿನ ಹಾಗಿದ್ರು," ಎಂದರು ಅತ್ತೆ.

ಆಗ ನೋಡಿದೆ, ಮಾವನ ಕಂಕುಳಲ್ಲಿ ಹಾಸ್ಟೆಲಿನ ದೂರು ಪುಸ್ತಕವಿತ್ತು. ಹುಡುಗರು ಸ್ವಂತ ಕೈಯಲ್ಲಿ ಬರೆದದ್ದು! ನನಗೆ ಬೇಕಾದದ್ದೇ ಅದು.

"ಇದನ್ನ ಮಾತ್ರ ಕೊಡಲ್ಲ."

"ನಿಮ್ಮನ್ನ ಬೈದಿದ್ದಾರಾ?"

"ಬೈದಿದ್ದೆಲ್ಲ ಓದ್ಕೋ, ಚೆನ್ನಾಗಿದೆ. ಆದ್ರೆ ಒಂದು ಪುಟ ಇದೆ. ಅದು ಹೊರಗೆ ಬಂದ್ರೆ ಮೂವತ್ತೊಂದು ವರ್ಷದ ಮರ್ಯಾದೆ ಮೂರಾಬಟ್ಟೆ."

"ಸರಿ. ಚೀಟಿನೂ ಇಲ್ಲ, ಪುಸ್ತಕಾನೂ ಇಲ್ಲ ಅಂದ್ಮೇಲೆ, ನಿಮ್ಮ ಇಪ್ಪತ್ತನೇ ವರ್ಷ ಹಾಸ್ಟೆಲಲ್ಲಿ ಯಾರೂ ಇರಲಿಲ್ಲ ಅಂತ ಬರ್ಕೋತೀನಿ."

ಮಾವನಿಗೆ ಚುರುಕ್ಕೆಂದಿತು. "ಯಾರೂ ಇರಲಿಲ್ವಾ? ನಲವತ್ತೆರಡು ಹುಡುಗರಿದ್ರು!" ಎಂದು, ಮಡಿಸಿ ಮುಚ್ಚಿಟ್ಟಿದ್ದ ಪುಟದ ಗುಂಡುಪಿನ್ನನ್ನು ತಾವೇ ಕಿತ್ತು ಬಿಡಿಸಿದರು.

ಅದೇ ವರ್ಷದ ಬೇಸಿಗೆ ರಜೆಯ ತಾರೀಖು, ಮಾವನದೇ ದುಂಡು ಅಕ್ಷರ: 'ಹನ್ನೆರಡು ದಿನಗಳಿಂದ ಕಟ್ಟಡದಲ್ಲಿ ಸದ್ದೇ ಇಲ್ಲ. ಊಟ ಸೇರುತ್ತಿಲ್ಲ. ತಕ್ಷಣ ಕ್ರಮ ಕೈಗೊಳ್ಳಬೇಕು.'

"ಪಕ್ಕದಲ್ಲೇ ನಾನಿದ್ನಲ್ಲ, ನನ್ನ ಸದ್ದು ಸಾಲಲಿಲ್ವಾ?" ಎಂದರು ಅತ್ತೆ.

ಹಾಸ್ಟೆಲು ತೆರೆಯುವ ಮುಂಚೆ ಪುಟ ಹರಿಯಲು ಮಾವ ಮರೆತಿದ್ದರು. ಕಣ್ಣಿಗೆ ಬಿದ್ದ ಮೇಲೆ ಹುಡುಗರು ಬಿಡುತ್ತಾರೆಯೇ? 'ಕೈಗೊಂಡ ಕ್ರಮ' ಎಂಬಲ್ಲಿ ಬರೆದಿದ್ದರು: 'ಬಂದಿದ್ದೇವೆ. ಗಲಾಟೆ ಆರಂಭಿಸಲಾಗಿದೆ.' ಕೆಳಗೆ ನಲವತ್ತೆರಡು ಸಹಿ.

"ಏನು ಗಲಾಟೆ ಅಂತೀಯ! ಆ ವರ್ಷ ಚೀಟಿ ಬರೆಯೋಕೆ ಕೈಯೇ ಏಳಲಿಲ್ಲ ಕಣೆ."

ಮಾವ ಹೊಸ ಚೀಟಿ ಕತ್ತರಿಸಿದರು. ತಾರೀಖು ಹಾಕಿದರು. ಕೊಠಡಿ: ಮೇಲ್ವಿಚಾರಕರದು. ತಪ್ಪು: ಒಪ್ಪಿಕೊಳ್ಳಲಾಗಿದೆ. ಪುಸ್ತಕಕ್ಕೆ ಕಟ್ಟಿ ನನ್ನ ಕೈಗಿಟ್ಟರು.

ಬಾಗಿಲವರೆಗೆ ಬಂದು, ಬೇರೆಲ್ಲೋ ನೋಡುತ್ತಾ ಹೇಳಿದರು: "ಆ ಹುಡುಗರಲ್ಲಿ ಯಾರಾದ್ರೂ ಕೇಳ್ಕೊಂಡು ಬಂದ್ರೆ ನನಗೆ ಹೇಳಿ ಕಳಿಸು. ಹಿಂದಿರುಗಿಸೋದು ನನ್ನ ಕೆಲಸ."